ಸಿತಾರಿಗಾಗಿ ಸಡಿಲಿಸಿದ ಮುಂದಿನ ಶಾಕ್

ನಮ್ಮ ಸಣ್ಣ ಬ್ಯಾಂಕು ದೊಡ್ಡ ಬ್ಯಾಂಕಿನಲ್ಲಿ ವಿಲೀನವಾದ ವರ್ಷ ನನ್ನ ಕುರ್ಚಿ ಮಿರಜದಿಂದ ಆರೇಳು ಕಿಲೋಮೀಟರ್ ದೂರದ ವಿಶ್ರಾಮಬಾಗಕ್ಕೆ ಹೋಯಿತು. ಬಸ್ಸಿಗೆ ಕಾಯುವ ತಾಳ್ಮೆ ನನಗೆಲ್ಲಿದೆ? ಹಳೆಯದೊಂದು ಬೈಕು ಕೊಂಡೆ. ಹೆಂಗಸು ಬೈಕು ಓಡಿಸುವುದನ್ನು ಓಣಿಯವರು ಬಾಯಿ ಬಿಟ್ಟು ನೋಡಿದರು, ನೋಡಲಿ ಬಿಡಿ!

ಮಾವನವರು ಸಿತಾರ್ ಮಾಡುವವರು. ನಾಲ್ಕು ತಿಂಗಳು ಕೂತು ಮಾಡಿದ ಸಿತಾರೊಂದನ್ನು ಆ ಭಾನುವಾರ ವಿಶ್ರಾಮಬಾಗದ ಹುಡುಗಿಯೊಬ್ಬಳಿಗೆ ಮುಟ್ಟಿಸಬೇಕಿತ್ತು. ಹಿಂದಿನ ಸಲ ರಿಕ್ಷಾದ ಕುಲುಕಾಟಕ್ಕೆ ಸಿತಾರಿನ ಸೋರೆಬುರುಡೆ ಸೀಳಿ, ಅವರು ಎರಡು ದಿನ ಊಟ ಬಿಟ್ಟಿದ್ದರು. ಈ ಸಲ ನನ್ನ ಬೈಕೇ ಗತಿ. ಆದರೆ ಕುಲುಕು ತಡೆಯಬೇಕಾದ ಅದರ ಮುಂದಿನ ಶಾಕ್ ವಿಪರೀತ ಗಟ್ಟಿ, ಸ್ವಲ್ಪ ಸಡಿಲಿಸಬೇಕಿತ್ತು.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾವನವರೇ ಪಾನಾ ಹಿಡಿದು, ಹ್ಯಾಂಡಲ್ ಬಳಿ ಶಾಕಿನ ತಲೆಯ ಮೇಲಿರುವ ಎರಡೂ ತಿರುಪುಗಳನ್ನು ತಿರುಗಿಸಿ ಮುಗಿಸಿದ್ದರು. ಓಣಿಯಲ್ಲಿ ಒಂದು ಸುತ್ತು ಹೊಡೆದೆ. ಬ್ರೇಕ್ ಹಿಡಿದರೆ ಹ್ಯಾಂಡಲ್ ಏನೋ ವಿಚಿತ್ರವಾಗಿ ಎಳೆಯಿತು. ಇಳಿದು ನೋಡಿದರೆ ಎಡಗಡೆಯ ತಿರುಪಿನಲ್ಲಿ ನಾಲ್ಕು ಗೆರೆ ಮೇಲೆ ಕಾಣುತ್ತಿವೆ, ಬಲಗಡೆ ಒಂದೇ. ಗೆರೆ ಹೆಚ್ಚು ಕಂಡಷ್ಟೂ ಶಾಕ್ ಸಡಿಲ.

“ಇದೇನ್ರಿ ಮಾವಾರ?”

“ಒಂದೊಂದು ತಂತಿಗೆ ಒಂದೊಂದು ಬಿಗಿ ಇರತೈತಲ್ಲ. ಬುರುಡಿ ಎಡಕ್ಕ ಬರತೈತಿ, ಅದಕ್ಕ ಅಲ್ಲಿ ಸಡ್ಲ ಮಾಡೇನಿ.”

“ಅಯ್ಯ ಶಿವನೇ! ಇದು ಸಿತಾರ ಅಲ್ರಿ. ಎರಡೂ ಕಡೆ ಸಮ ಇರಬೇಕು. ಇಲ್ಲಂದ್ರ ನಾವಿಬ್ರೂ ಸೀದಾ ದವಾಖಾನಿಗೇ!”

ಬೈದೆ, ಆಮೇಲೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿದೆ; ಅವರು ಹಿಂದಿನ ಸೀಟು ಒತ್ತಿ ಹಿಡಿದರು; ಮುಂದಿನ ಗಾಲಿ ನೆಲ ಬಿಟ್ಟು ಶಾಕಿನ ಮೇಲಿನ ಭಾರ ಇಳಿಯಿತು. ಶಾಕಿನ ದೊಡ್ಡ ಮುಚ್ಚಳದ ತಂಟೆಗೆ ಹೋಗಲಿಲ್ಲ. ಅದನ್ನು ಬಿಚ್ಚಿದರೆ ಒಳಗಿನ ಸ್ಪ್ರಿಂಗು ಮುಖಕ್ಕೇ ಹಾರುತ್ತದೆ. ಮುಚ್ಚಳದ ನಡುವಿನ ತಿರುಪನ್ನಷ್ಟೇ ತಿರುಗಿಸಿ, ಎರಡೂ ಕಡೆ ಮೂರು ಮೂರು ಗೆರೆ ಕಾಣುವಂತೆ ಮಾಡಿದೆ. ಮತ್ತೆ ಒಂದು ಸುತ್ತು, ಮೆಲ್ಲಗೆ. ಬ್ರೇಕಿಗೆ ಬೈಕು ನೆಟ್ಟಗೆ ನಿಂತಿತು.

ದಾರಿಯುದ್ದಕ್ಕೂ ಮಾವನವರು ಹಿಂದೆ ಸಿತಾರನ್ನು ಕೂಸಿನಂತೆ ತಬ್ಬಿಕೊಂಡು, “ಸಾವಕಾಶ, ಖಡ್ಡಾ ಐತಿ” ಅನ್ನುತ್ತಲೇ ಇದ್ದರು. ನಾನು ಗುಂಡಿ ಕಂಡಲ್ಲೆಲ್ಲ ಬೈಕನ್ನು ನಡಿಗೆಯ ವೇಗಕ್ಕೆ ಇಳಿಸಿದೆ.

ಹುಡುಗಿಯ ಮನೆಯಲ್ಲಿ ಮಾವನವರು ಸಿತಾರಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬುರುಡೆಯ ಸುತ್ತ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದರು. ಕೂದಲೆಳೆಯಷ್ಟೂ ಸೀಳಿರಲಿಲ್ಲ. ಹುಡುಗಿ ತಂತಿ ಮೀಟಿದಳು. ಮನೆ ತುಂಬ ಝೇಂಕಾರ. ಅವಳ ತಂದೆ ಕೈಮುಗಿದು, “ಭಾಳ ನಾಜೂಕ ಕೆಲಸ ಮಾಡೀರಿ” ಅಂದರು.

“ನಾ ಮಾಡೇನ್ರಿ,” ಅಂದರು ಮಾವನವರು, “ನಮ್ಮ ಸೊಸಿ ತಂದಾಳ್ರಿ.”

ನನಗೆ ನಗುವೂ ಬಂತು, ಅಳುವೂ ಬಂತು. ಕಣ್ಣೀರು ಕಾಣದಿರಲೆಂದು ಹೆಲ್ಮೆಟ್ ತೆಗೆಯಲೇ ಇಲ್ಲ.