ಉಣುಗು ಹಿಡಿಯುವ ಐತ

ಬಸರೀಕಟ್ಟೆ ಸುತ್ತಿನ ಕಾಡಿನಲ್ಲಿ ಐತ ಹದಿನೆಂಟು ವರ್ಷ ರಕ್ತ ಹೀರುವ ಉಣುಗು ಹುಳು ಹಿಡಿದ. ಮಂಗ ಸತ್ತ ಸುದ್ದಿ ಬಂದರೆ ಬಿಳಿ ಬಟ್ಟೆಯೊಂದನ್ನು ದರಗೆಲೆಯ ಮೇಲೆ ಎಳೆದುಕೊಂಡು ನಡೆಯುವುದು, ಅದಕ್ಕೆ ಹತ್ತಿದ ಹುಳುಗಳನ್ನು ಆರಿಸಿ ಸೀಸೆಗೆ ಹಾಕುವುದು ಅವನ ಕೆಲಸ. ಮಂಗನ ಕಾಯಿಲೆ ಎಲ್ಲಿ ಹಬ್ಬಬಹುದೆಂದು ಆ ಹುಳುಗಳ ಪರೀಕ್ಷೆಯಿಂದ ತಿಳಿಯುತ್ತಿತ್ತು. ಬರೀ ದಿನಗೂಲಿ. ಆದರೂ ಅವನು ಬೇಡವೆಂದ ಕಡೆ ಎಸ್ಟೇಟಿನ ಕೂಲಿ ಲೈನಿನ ಮನೆಗಳವರು ಸೌದೆಗೆ ಹೋಗುತ್ತಿರಲಿಲ್ಲ.

ಸರ್ಕಾರ ಬದಲಾಯಿತು. ಹಿಂದಿನವರ ಆದೇಶಗಳನ್ನೆಲ್ಲ ಮರುಪರಿಶೀಲನೆಗೆಂದು ತಡೆಹಿಡಿದರು. ಐತನಿಗೆ ಕೆಲಸ ಕೊಡುತ್ತಿದ್ದ ಆರೋಗ್ಯ ಕೇಂದ್ರದ ಡಾಕ್ಟರ್ ಶಿಶಿರ ಅವರಿಗೆ ವರ್ಗವಾಯಿತು. ಉಣುಗಿನ ಕೆಲಸ ಇನ್ನು ಏಜೆನ್ಸಿಗೆ ಎಂದರು. ಯಾವ ಏಜೆನ್ಸಿ ಎಂಬುದು ತಿಂಗಳುಗಟ್ಟಲೆ ನಿಶ್ಚಯವಾಗಲಿಲ್ಲ. ಕೆಲಸ ಹೋದ ಐತ ಕಾಫಿ ಎಸ್ಟೇಟಿನ ಕೂಲಿಗೆ ಹೋದ.

ಜನವರಿಯಲ್ಲಿ ಎಸ್ಟೇಟಿನ ಬೇಲಿಯಾಚೆ ಸತ್ತ ಮಂಗ ಕಂಡಿತು. ಐತ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದ.

"ಹಳೇ ಆರ್ಡರ್ ಇಲ್ಲ, ಹೊಸದು ಬಂದಿಲ್ಲ. ನಾನು ಯಾರನ್ನ ಕಳಿಸ್ಲಿ ಮಾರಾಯ?" ಎಂದ ಗುಮಾಸ್ತ ರಾಜಶೇಖರ್.

ಮೂರು ದಿನ ಕಾದು, ಐತನೇ ಸೌದೆ ಒಟ್ಟಿ ಮಂಗನನ್ನು ಸುಟ್ಟ. ಪಕ್ಕದ ಮನೆಯ ತುಂಗಾ ಕೊಟ್ಟಿಗೆಗೆ ದರಗು ತರಲು ಹೊರಟಿದ್ದಳು.

"ಬೇಲಿ ಆಚೆ ಹೋಗ್ಬೇಡ ಮಾರಾಯ್ತಿ, ಮಂಗ ಸತ್ತಿದೆ. ಅದರ ಮೈಯ ಉಣುಗು ದರಗಿಗೆ ಇಳಿದಿರ್ತದೆ."

"ಆಸ್ಪತ್ರೆಯೋರು ಹೇಳಿದ್ರಾ?"

"ನಾ ಹೇಳ್ತಿದೀನಲ್ಲ."

"ನಿನ್ನ ಅವ್ರೇ ತೆಗೆದು ಹಾಕಿದಾರಲ್ಲ ಐತಣ್ಣ," ಎಂದು ಅವಳು ನಕ್ಕು ಹೋದಳು.

ವಾರ ಕಳೆಯುವುದರೊಳಗೆ ತುಂಗಾಳಿಗೆ ಜ್ವರ ಬಂತು. ಜೀಪಿನಲ್ಲಿ ಕೊಪ್ಪಕ್ಕೆ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆಗೆ ಒಯ್ದರು. ಅವಳು ಉಳಿಯಲಿಲ್ಲ.

ಆಮೇಲೆ ಕಾರುಗಳು ಬಂದವು. ಆಳುವ ಪಕ್ಷದವರು ಹಿಂದಿನ ಸರ್ಕಾರವನ್ನು ಬೈದರು, ಹಿಂದಿನವರು ಈಗಿನದನ್ನು. ಅಧಿಕಾರಿಯೊಬ್ಬರು ಐತನನ್ನು ಕರೆಸಿದರು.

"ಮಂಗ ಸತ್ತಿದ್ದು ಗೊತ್ತಿದ್ದೂ ಯಾಕೆ ತಿಳಿಸ್ಲಿಲ್ಲ?"

"ಫೋನ್ ಮಾಡಿದ್ದೆ ಸಾರ್."

"ಬರೆದು ಕೊಟ್ಟಿದ್ಯಾ?"

ರಾಜಶೇಖರ್ ನೆಲ ನೋಡುತ್ತ ನಿಂತಿದ್ದ. ಐತ ಅವನ ಹೆಸರು ಹೇಳದೆ ಎಸ್ಟೇಟಿಗೆ ಹಿಂತಿರುಗಿದ.

ಮಾರ್ಚಿನಲ್ಲಿ ಏಜೆನ್ಸಿಯ ನಾಲ್ವರು ಬಂದರು. ಎಸ್ಸೆಸ್ಸೆಲ್ಸಿ ಪಾಸಾಗಿರದ ಐತನಿಗೆ ಅವರಲ್ಲಿ ಜಾಗವಿರಲಿಲ್ಲ. ಕಾಡು ಗೊತ್ತಿಲ್ಲದ ಅವರು ಅವನ ಮನೆಗೇ ಬಂದು, ಮಂಗ ಸತ್ತ ಜಾಗ ತೋರಿಸಿ ಎಂದರು.

"ಹೋಗ್ಬೇಡಿ. ಅವ್ರೇ ಹುಡುಕ್ಲಿ," ಎಂದಳು ಹೆಂಡತಿ ಒಳಗಿನಿಂದ.

ಐತನಿಗೂ ಬಾಗಿಲು ಹಾಕಿಕೊಳ್ಳುವಷ್ಟು ಸಿಟ್ಟಿತ್ತು. "ತುಂಗನ ಮಗಳು ಅದೇ ದಾರೀಲಿ ಶಾಲೆಗೆ ಹೋಗ್ತದೆ ಕಣೆ," ಎಂದು ಹೊರಟ. ಬಟ್ಟೆ ಎಳೆಯುವುದನ್ನೂ ಅವರಿಗೆ ಅವನೇ ಕಲಿಸಬೇಕಾಯಿತು.

ಮರುದಿನ, ಹೇಳದೆ ಕೇಳದೆ ಕೆಲಸ ತಪ್ಪಿಸಿದ್ದಕ್ಕೆ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಐತನನ್ನು ಎಲ್ಲರೆದುರು ಬೈದ.