ಮಲ್ಲಿಗೆ ಬುಡಕ್ಕೆ ರಕ್ತದ ಗುಳಿಗೆ

ಹಡಗಲಿ ಹತ್ತಿರದ ನಮ್ಮ ಹೂವಿನ ಹೊಲದಲ್ಲಿ ಸೊಸೆ ಮಲ್ಲಿಗೆ ಗಿಡದ ಬುಡ ಕೆದರಿ ಏನೋ ಹೂಳುತ್ತಿದ್ದಳು. ಹೋಗಿ ನೋಡಿದೆ. ಮೈಯಲ್ಲಿ ರಕ್ತ ಕಡಿಮೆ ಇದೆಯೆಂದು ಆಶಾ ಕಾರ್ಯಕರ್ತೆ ಅವಳಿಗೆ ಕೊಟ್ಟಿದ್ದ ಕೆಂಪು ಗುಳಿಗೆಗಳು, ಗಿಡಕ್ಕೊಂದರಂತೆ.

“ಏನ್ ಮಾಡಾಕತ್ತೀಯವ್ವ?” ಎಂದೆ.

“ಕಬ್ಬಿಣದ ಗುಳಿಗಿ ಅಂತಲ್ರಿ ಅತ್ತಿ. ನಾ ನುಂಗಿದ್ರ ಬರೀ ವಾಕರಿಕಿ ಬರ್ತೈತಿ. ಗಿಡಕ್ಕ ಹಾಕಿದ್ರ ಹೂವಾದ್ರೂ ಬರ್ತಾವ.”

ಬೈಯಲು ಹೋದವಳು ಅವಳ ಬಿಳಿಚಿದ ಮುಖ ನೋಡಿದೆ. ಹಿಂದಿನ ದಿನವಷ್ಟೇ ಅವಳು ಮೊಗ್ಗು ಬಿಡಿಸುತ್ತ ತಲೆ ತಿರುಗಿ ಬದುವಿನ ಮೇಲೆ ಕುಸಿದಿದ್ದಳು. ಅರ್ಧ ಸಾಲು ಗಿಡದಲ್ಲೇ ಅರಳಿಹೋಯಿತು. ಅರಳಿದ ಹೂವನ್ನು ವ್ಯಾಪಾರಿ ಮುಟ್ಟುವುದಿಲ್ಲ. ನಾನು ಅವಳನ್ನು ಮೈಗಳ್ಳಿ ಎಂದಿದ್ದೆ. ಗಿಡಕ್ಕೆ ಗೊಬ್ಬರ ಹಾಕಿಸಿದ ನಾನು, ಮೊಗ್ಗು ಬಿಡಿಸುವವಳು ಏನು ಉಂಡಳೆಂದು ಕೇಳಿರಲಿಲ್ಲ. ಗಂಡಸರು, ಮೊಮ್ಮಕ್ಕಳು ಉಂಡ ಮೇಲೆ ಉಳಿದದ್ದು ಸೊಸೆಗೆ. ನಾನೂ ಹಾಗೇ ಉಂಡವಳು.

ಉಳಿದ ಗುಳಿಗೆಗಳನ್ನು ಅವಳ ಕೈಯಿಂದ ಕಸಿದುಕೊಂಡೆ. “ನಡಿ, ಮೊದ್ಲು ರೊಟ್ಟಿ ತಿನ್ನು. ಹೊಟ್ಟಿ ತುಂಬಿದ ಮ್ಯಾಲೆ ನುಂಗಿದ್ರ ವಾಕರಿಕಿ ಅಷ್ಟು ಬರಂಗಿಲ್ಲ ಅಂತ ಆ ಆಶಾದಾಕಿ ಹೇಳಿದ್ಲಲ್ಲ.”

“ಇನ್ನಾ ಅವರು ಉಂಡಿಲ್ಲಲ್ರಿ?”

“ಮೊಗ್ಗು ನಿನ್ನ ಗಂಡ ಬಿಡಿಸ್ತಾನೇನು? ನಡಿ.”

ಈಗ ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ಸೊಸೆಯದು. ನಾಲ್ಕು ತಿಂಗಳಾಯಿತು, ಬಿಸಿಲೇರುವ ಮೊದಲೇ ಅವಳ ಸಾಲು ಮುಗಿದಿರುತ್ತದೆ. ರೊಟ್ಟಿ ತಡವಾಗುತ್ತದೆಂದು ಮಗನಿಗೆ ಸಿಟ್ಟು. ತುಂಬಿದ ಬುಟ್ಟಿಯನ್ನು ಗಾಡಿಗೆ ಕಟ್ಟುವಾಗ ಮಾತ್ರ ಆ ಸಿಟ್ಟು ಕಾಣುವುದಿಲ್ಲ.