ಗಾಳಿ ನಿಂತ ತೊಟ್ಟಿ

ಅವನಿಗೆ ಕರುಳೇ ಇರಲಿಲ್ಲ. ಅವನ ನಾದಿನಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು. ಅಕ್ಕನ ಗಂಡನೆಂಬ ಮುಲಾಜು ಇಟ್ಟುಕೊಂಡವಳಲ್ಲ.

ಔಷಧಿ ಕಾರ್ಖಾನೆಯ ಹಿಂದಿನ ಬೀದಿಗೆ ನೀರು ಬಿಡುವುದು ಅವನ ಕೆಲಸ. ಕಾರ್ಖಾನೆಯ ಕೊಳೆನೀರು ವರ್ಷಗಟ್ಟಲೆ ನೆಲಕ್ಕಿಳಿದು, ಅಲ್ಲಿನ ಕೊಳವೆಬಾವಿಗಳಲ್ಲೆಲ್ಲ ಆಂಟಿಬಯಾಟಿಕ್ ಬೆರೆತಿತ್ತು. ಅದನ್ನು ತಿಂದು ಅರಗಿಸಿಕೊಳ್ಳುವ ಸೂಕ್ಷ್ಮಜೀವಿಗಳನ್ನು ಪ್ರಯೋಗಾಲಯದವರು ಪಂಪ್‌ಹೌಸಿನ ಮರಳುತೊಟ್ಟಿಯಲ್ಲಿ ಬೆಳೆಸಿದ್ದರು. ಅವು ಬದುಕಬೇಕಾದರೆ ತೊಟ್ಟಿಯ ತಳದಿಂದ ಸದಾ ಗಾಳಿ ಊದುತ್ತಿರಬೇಕು. ಅವು ಸತ್ತರೆ ಬೀದಿಗೆ ಮತ್ತೆ ಹಳೆಯ ನೀರೇ ಗತಿ.

"ನಿಮ್ಮ ಮಕ್ಕಳದು ಊಟ ಆಯ್ತಾ?" ಎಂದು ಹೆಂಡತಿ ಆ ಜೀವಿಗಳ ಹೆಸರಲ್ಲಿ ಅವನನ್ನು ಕೆಣಕುತ್ತಿದ್ದಳು. "ಆಗಿದ್ರೆ ನೀವೂ ಕೈ ತೊಳ್ಕೊಳ್ಳಿ."

"ಅವು ನಿನ್ನ ಹಾಗೆ ಗೊಣಗಲ್ಲ ಕಣೇ."

ಅದೇ ಬೀದಿಯ ಹಳೆಯ ನೀರನ್ನು ವರ್ಷಗಟ್ಟಲೆ ಕುಡಿದಿದ್ದ ಅವಳ ಪಾಲಿಗೆ ತೊಟ್ಟಿ ತಡವಾಗಿ ಬಂತು. ಮೂತ್ರದ ಸೋಂಕು ರಕ್ತಕ್ಕೇರಿತು, ಯಾವ ಇಂಜೆಕ್ಷನ್ನಿಗೂ ಜಗ್ಗಲಿಲ್ಲ.

"ಔಷಧಿ ಬೆರೆತ ನೀರಲ್ಲೇ ಪಳಗಿದ ರೋಗಾಣು ಇದು," ಎಂದರು ಡಾಕ್ಟರು. "ಔಷಧಿಗೆ ಹೆದರಲ್ಲ."

ಅವಳಿಗೆ ಮೇಲುಸಿರು ಹತ್ತಿದ ಮಧ್ಯಾಹ್ನವೇ ತೊಟ್ಟಿಯ ಗಾಳಿಯಂತ್ರ ಕೆಟ್ಟಿತು. ಅದನ್ನು ಬಿಚ್ಚಿ ಜೋಡಿಸಲು ಗೊತ್ತಿದ್ದವನು ಅವನೊಬ್ಬನೇ. ಫೋನು ಬಂದೊಡನೆ ಎದ್ದ.

"ಬಾವ, ಈಗ ಹೋಗ್ಬೇಡಿ. ಅಕ್ಕ ಕೈ ಹಿಡ್ಕೊಂಡಿದಾಳೆ, ಕಾಣಲ್ವಾ?"

"ಬೇಗ ಬರ್ತೀನಿ."

ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋದ. ಯಂತ್ರ ಸರಿಯಾಯಿತು. ಅವನು ಮರಳುವಷ್ಟರಲ್ಲಿ ಅವಳ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಅವನು ಅಳಲಿಲ್ಲ.

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಎಂದಿನಂತೆ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟ. ನಾದಿನಿಗೆ ಮೈಯೆಲ್ಲ ಉರಿದುಹೋಯಿತು. ಬೈದು ನೀರಿಳಿಸಿಯೇ ಬರುತ್ತೇನೆಂದು ಅವನ ಹಿಂದೆಯೇ ನಡೆದಳು.

ಪಂಪ್‌ಹೌಸಿನಲ್ಲಿ ಸದ್ದಿರಲಿಲ್ಲ. ತೊಟ್ಟಿಯ ನೀರು ಅಲುಗದೆ ನಿಂತಿತ್ತು. ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಅವನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ.

"ಮತ್ತೆ ಕೆಡ್ತಾ?"

"ಇಲ್ಲ. ನಾನೇ ಆರಿಸಿದೆ. ಸಾಯ್ಲಿ ಎಲ್ಲಾ."

ಹೊರಗೆ ನಲ್ಲಿಯ ಮುಂದೆ ಬಕೆಟ್ಟುಗಳು ಸಾಲು ಹಿಡಿದಿದ್ದವು. "ಅಣ್ಣಾ, ನೀರು ಬಿಡಿ, ಮಗು ಸ್ಕೂಲಿಗೆ ಹೋಗ್ಬೇಕು," ಎಂದು ಯಾರೋ ಹೆಂಗಸು ಕೂಗಿದಳು. ಅವನು ಏಳಲಿಲ್ಲ.

ನಾದಿನಿ ಗೋಡೆಯ ಕಡೆ ನೋಡಿದಳು. ಅಲ್ಲಿ ಒಂದೇ ಥರದ ಸ್ವಿಚ್ಚುಗಳು ಸಾಲಾಗಿದ್ದವು.

"ಗಾಳಿಯದು ಯಾವುದು ಬಾವ?"

ಅವನು ಮುಖವೆತ್ತಲಿಲ್ಲ. ಕೈಯೊಂದನ್ನೇ ಎತ್ತಿ ತೋರಿಸಿದ.